ಉಡಾಳ ಧನ್ಯಾನನ್ನು ಆಕಾಶಕ್ಕೆ ಕಳಿಸಿದ್ದು

ಒಳ್ಳೆಯ ಮನುಷ್ಯರನ್ನು ತಯಾರು ಮಾಡುವುದು ಬಹಳ ಸುಲಭದ ಕೆಲಸ. ಅನುಭವದಿಂದ ಹೇಳುತ್ತಿದ್ದೇನೆ. ಪ್ರತಿ ಬೇಸಿಗೆಯಲ್ಲಿ ಹತ್ತನೆಯ ತರಗತಿಯ ಮಕ್ಕಳು ಶಾಲೆ ಬಿಟ್ಟು ಹೋಗುವಾಗ ಅವರ ವರ್ಗಾವಣೆ ಪತ್ರದಲ್ಲಿ 'ನಡತೆ' ಎಂಬ ಜಾಗಕ್ಕೆ ನಾನು 'ಉತ್ತಮ' ಎಂದು ಬರೆಯುತ್ತ ಹೋಗುತ್ತೇನೆ. ಬೆಂಚಿನ ಮೇಲೆ ಹೆಸರು ಕೆತ್ತಿದವನೂ ಉತ್ತಮ, ಆ ಬೆಂಚನ್ನೇ ಮುರಿದವನೂ ಉತ್ತಮ, ಹಿಂದಿನ ಸಾಲಿನಲ್ಲಿ ಗೋಡೆಗೊರಗಿ ನಿದ್ದೆ ಮಾಡಿ ಎದ್ದು ಹೋದವನಂತೂ ಅತ್ಯುತ್ತಮ. ಒಂದು ಮಧ್ಯಾಹ್ನ, ಎರಡು ಕಪ್ ಚಹಾ. ಅಷ್ಟರಲ್ಲಿ ಇಡೀ ತರಗತಿ ಸಜ್ಜನರಿಂದ ತುಂಬಿ ತುಳುಕುತ್ತಿರುತ್ತದೆ. ಆದರೆ ಒಬ್ಬನೇ ಒಬ್ಬ ಕೆಟ್ಟವನನ್ನು, ಅದೂ ಪೂರ್ತಿ ಕೆಟ್ಟವನೂ ಬೇಡ, ಹದವಾಗಿ ಕೆಟ್ಟವನನ್ನು ತಯಾರು ಮಾಡು ಎಂದು ಯಾರಾದರೂ ಹೇಳಲಿ, ಆಗ ಗೊತ್ತಾಗುತ್ತದೆ. ನನಗೆ ಈ ವರ್ಷ ಸಂಕ್ರಾಂತಿಯ ಎಳ್ಳು ಹಂಚಿ ಮುಗಿಯುವ ಹೊತ್ತಿಗೆ ಗೊತ್ತಾಯಿತು. ಆ ಒಂದು ವಾರ ನಾನು ಪಟ್ಟ ಪಾಡು ಬಿ.ಎಡ್. ಪರೀಕ್ಷೆಯಲ್ಲೂ ಪಟ್ಟಿರಲಿಲ್ಲ.

ನಾನು ಕೃಷ್ಣಾ ದಂಡೆಯ ಜುಗೂಳದವಳು. ಕೊಟ್ಟದ್ದು ಉಗಾರ ಖುರ್ದಕ್ಕೆ; ನಮ್ಮ ಕಡೆ ಒಂದೇ ಹೆಸರಿನ ಎರಡು ಊರಿದ್ದರೆ ಸಣ್ಣದು ಖುರ್ದ, ದೊಡ್ಡದು ಬುದ್ರುಕ. ನಮ್ಮ ತವರು ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು ನಾನೇ. ಗಂಡಸರನ್ನೂ ಸೇರಿಸಿ ಹೇಳುತ್ತಿದ್ದೇನೆ. ಇದನ್ನು ನಾನು ಎಲ್ಲರ ಮುಂದೆ ಹೇಳಿಕೊಂಡು ತಿರುಗುವುದಿಲ್ಲ, ಬಾಗಿಲಿಗೆ ಬರೆಸಿ ಹಾಕಿದ್ದೇನೆ. 'ಶ್ರೀಮತಿ ಪದ್ಮಾವತಿ, ಬಿ.ಎ., ಬಿ.ಎಡ್.' ಎಂದು ಬರೆಯುವಷ್ಟರಲ್ಲಿ ಫಲಕದ ಜಾಗ ಮುಗಿದು, ನಮ್ಮ ಮನೆಯವರ ಹೆಸರು ಕೆಳಗೆ ಕರೆಗಂಟೆಯ ಪಕ್ಕಕ್ಕೆ ಬಂದು ನಿಂತಿದೆ. ಬಂದವರು ಅವರ ಹೆಸರಿನ ಹತ್ತಿರ ಒತ್ತಿ ನನ್ನನ್ನು ಕರೆಯುತ್ತಾರೆ.

ಈ ಪದವಿ ಸುಮ್ಮನೆ ಬಂದದ್ದಲ್ಲ. ಓಣಿಯ ಮೊದಲ ಹುಡುಗಿ ಕಾಲೇಜಿಗೆಂದು ಬಸ್ಸು ಹತ್ತಿದಾಗ ಬಸ್ಸಿನಲ್ಲಿ ಅವಳೊಬ್ಬಳೇ ಹೋಗುವುದಿಲ್ಲ, ಇಡೀ ಊರಿನ ಕಣ್ಣು ಕಿಟಕಿಗೆ ಜೋತುಬಿದ್ದು ಜೊತೆಗೇ ಹೋಗುತ್ತದೆ. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಗೆಳತಿಯ ಜೊತೆ ನಿಂತು ಮಿರ್ಚಿ ಭಜಿ ತಿಂದೆ. ಸಂಜೆ ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿ, ಕೈಕಾಲು ತೊಳೆದು, ಚಹಾ ಕುಡಿದು ಕುಳಿತಿತ್ತು. ಅವ್ವ ಕೇಳಿದ್ದು ಒಂದೇ ಮಾತು: "ನಿಂತ ತಿಂದಿ ಅಂತಲ್ಲ?" ತಿಂದದ್ದು ತಪ್ಪಲ್ಲ, ನಿಂತು ತಿಂದದ್ದು ತಪ್ಪು. ಮುಂದೆ ಮೂರು ವರ್ಷ ನಾನು ಕುಳಿತೂ ಏನೂ ತಿನ್ನಲಿಲ್ಲ. ನಾನು ಒಂದು ಹೆಜ್ಜೆ ತಪ್ಪಿದರೆ ಹಿಂದೆ ಬರಬೇಕಾದ ಹುಡುಗಿಯರ ಬಸ್ಸೇ ನಿಂತುಹೋಗುತ್ತಿತ್ತು. ಹೀಗಾಗಿ ಉಡಾಳತನ ಎಂಬ ವಿಷಯದಲ್ಲಿ ನನಗೆ ತಳಪಾಯವೇ ಇಲ್ಲ. ಆ ಪಾಠವನ್ನು ನನ್ನ ಸಿಲೆಬಸ್ಸಿನಿಂದಲೇ ತೆಗೆದುಹಾಕಿದ್ದರು.

ಇಂಥವಳ ಹೊಟ್ಟೆಯಲ್ಲಿ ಹುಟ್ಟಿದ ಪ್ರಾಜಕ್ತಾ ನಿಪ್ಪಾಣಿಯಲ್ಲಿ ಹಾಸ್ಟೆಲಿನಲ್ಲಿದ್ದು ಓದುತ್ತಾಳೆ. ಸೆಮಿಸ್ಟರ್ ರಜೆಗೆಂದು ಬಂದವಳು ಬಟ್ಟೆಯ ಚೀಲದ ಜೊತೆ ಒಂದು ಆಟವನ್ನೂ ತಂದಳು. ಹಾಸ್ಟೆಲಿನ ಹುಡುಗಿಯರೆಲ್ಲ ಆಡುತ್ತಾರಂತೆ. ಆಟವೆಂದರೆ ಪಗಡೆಯ ಹಾಗೆ ಹಾಸು ಇಲ್ಲ, ಕಾಯಿ ಇಲ್ಲ. ಒಬ್ಬರು ಕಥೆ ಹೇಳಬೇಕು, ಉಳಿದವರು ಆ ಕಥೆಯೊಳಗೆ ಒಬ್ಬೊಬ್ಬ ಮನುಷ್ಯನಾಗಿ ಹೊಕ್ಕು, ಅವನಂತೆ ಮಾತಾಡಿ, ಅವನಂತೆ ನಡೆದುಕೊಳ್ಳಬೇಕು. ಮಾಡಿದ್ದು ಫಲಿಸಿತೋ ಇಲ್ಲವೋ ಎಂಬುದನ್ನು ಒಂದು ದಾಳ ಹೇಳುತ್ತದೆ. ಆ ದಾಳಕ್ಕೆ ಇಪ್ಪತ್ತು ಮುಖ. ಹೆಚ್ಚು ಬಿದ್ದರೆ ಗೆದ್ದಿರಿ, ಕಡಿಮೆ ಬಿದ್ದರೆ ಕೆಟ್ಟಿರಿ. ಕಥೆ ನಡೆಯುವುದು ಬಾಹ್ಯಾಕಾಶದಲ್ಲಿ. ಒಂದು ಹಳೆಯ ಆಕಾಶನೌಕೆ, ಅದರಲ್ಲಿ ಕದ್ದು ಸಾಗಿಸುವ ಮಾಲು, ದಾರಿಯಲ್ಲಿ ತಪಾಸಣೆಯ ನಾಕಾ, ನಾಕಾದಲ್ಲಿ ಅಧಿಕಾರಿ. ನೌಕೆಯನ್ನು ನಡೆಸುವವನು ಉಡಾಳ. ಅವನಿಲ್ಲದೆ ಕಥೆಯೇ ಇಲ್ಲ.

ರವಿವಾರ ಮಧ್ಯಾಹ್ನ ಊಟವಾದ ಮೇಲೆ ಆಟಕ್ಕೆ ಜನ ಸೇರಿಸಿದಳು. ನಮ್ಮ ಮನೆಯವರು ಸಕ್ಕರೆ ಕಾರ್ಖಾನೆಯಲ್ಲಿ ಯಂತ್ರಗಳ ವಿಭಾಗದಲ್ಲಿದ್ದಾರೆ. ಅವರನ್ನು ಕೇಳಿದಾಗ, "ಇಂಜಿನ್ ನೋಡಾಂವ. ಮಾತಾಡೂದಿಲ್ಲ," ಎಂದು ಎರಡೇ ಮಾತಿನಲ್ಲಿ ತಮ್ಮ ಪಾತ್ರ ಮುಗಿಸಿ ಗೋಡೆಗೆ ಒರಗಿದರು. ಮಗಳು "ಪಪ್ಪಾ ಒಂದ ನಂಬರ್" ಎಂದಳು. ಎರಡು ಓಣಿ ಆಚೆ ಇರುವ ನಮ್ಮ ನಾದಿನಿ ಸುನಂದಾ ಕರೆಯುವ ಮೊದಲೇ ಬಂದಿದ್ದಳು. ಅತ್ತೆಯವರು, "ನಾ ಆಡಾಂಗಿಲ್ಲ, ನೋಡ್ತೀನಿ" ಎಂದು ತೂಗುಮಂಚದ ಮೇಲೆ ಜಪಮಣಿ ಹಿಡಿದು ಕುಳಿತರು. ಉಳಿದದ್ದು ಉಡಾಳನ ಜಾಗ. ಪ್ರಾಜಕ್ತಾ ನನ್ನ ಕಡೆ ನೋಡಲೂ ಇಲ್ಲ. "ಸುನಂದಾ ಆತ್ಯಾ ಪೈಲಟ್ ಆಗ್ಲಿ. ಮಮ್ಮಿ, ನೀ ನೌಕಾದಾಗ ಅಡಿಗಿ ಮಾಡಾಕಿ," ಎಂದಳು.

ಇಲ್ಲಿ ಸುನಂದಾಳ ಬಗ್ಗೆ ಒಂದು ಮಾತು ಹೇಳಬೇಕು. ಪಿಯುಸಿಯನ್ನು ಎರಡು ಸಲ ಮಾತಾಡಿಸಿ ಬಿಟ್ಟವಳು. ಆದರೆ ಬಾಯಿ? ಒಮ್ಮೆ ಮಿರಜಿನ ಒಂದು ಅಂಗಡಿಯಿಂದ ಸೀರೆ ತಂದು, ಉಟ್ಟು, ಒಂದು ಮದುವೆ ಮುಗಿಸಿ, ಮರುದಿನ ಅದೇ ಅಂಗಡಿಗೆ ಹೋಗಿ "ಸೆರಗಿನ ಬಣ್ಣಾ ನನಗ ಒಪ್ಪೂದಿಲ್ಲಂತ ಮಂದಿ ಅಂದ್ರು" ಎಂದು ಅದಕ್ಕಿಂತ ಒಳ್ಳೆಯ ಸೀರೆ ತಂದಳು. ಅಂಗಡಿಯವನು ಮೇಲೆ ಚಹಾ ಬೇರೆ ಕುಡಿಸಿದ್ದ. ನನ್ನ ಮದುವೆಯಾದ ದಿನದಿಂದ ಈ ಮನೆಯಲ್ಲಿ ಬುದ್ಧಿಯ ಮಾತು ಬಂದರೆ ನನ್ನ ಹೆಸರು, ಚುರುಕಿನ ಮಾತು ಬಂದರೆ ಅವಳ ಹೆಸರು. ಬುದ್ಧಿಗಿಂತ ಚುರುಕು ದೊಡ್ಡದು ಎಂದು ಎಲ್ಲರಿಗೂ ಅನಿಸಿದ್ದರೂ ಯಾರೂ ನನ್ನ ಮುಂದೆ ಹೇಳುವುದಿಲ್ಲ, ಫಲಕ ನೋಡಿ ಸುಮ್ಮನಿರುತ್ತಾರೆ.

ಸುನಂದಾ ಪೈಲಟ್ ಆಗುವುದನ್ನಾದರೂ ನಾನು ನುಂಗಿಕೊಳ್ಳುತ್ತಿದ್ದೆನೇನೋ. ಆದರೆ ಅಡಿಗೆ! ಮುಂಜಾನೆ ರೊಟ್ಟಿ ಬಡಿದು ಶಾಲೆಗೆ ಹೋಗಿ, ಶಾಲೆಯಿಂದ ಬಂದು ಮತ್ತೆ ರೊಟ್ಟಿ ಬಡಿಯುವ ನಾನು, ಭೂಮಿ ಬಿಟ್ಟು ಚುಕ್ಕಿಗಳ ನಡುವೆ ಹೋದರೂ ಅಲ್ಲಿಯೂ ಒಲೆಯ ಮುಂದೆಯೇ? ಹಾಗಾದರೆ ಬಿ.ಎ. ಯಾಕೆ ಮಾಡಿದೆ, ಬಿ.ಎಡ್. ಯಾಕೆ ಮಾಡಿದೆ?

"ಪೈಲಟ್ ನಾ ಆಗ್ತೀನಿ," ಎಂದೆ.

"ಮಮ್ಮಿ, ಅಂವ ಉಡಾಳ ಇರಬೇಕ. ನಿನಗ ಬರೂದಿಲ್ಲ."

"ಬರೂದಿಲ್ಲ" ಎಂಬ ಮಾತನ್ನು ನನಗೆ ಇದುವರೆಗೆ ಯಾವ ಪರೀಕ್ಷೆಯೂ ಹೇಳಿರಲಿಲ್ಲ. "ಯಾಕ ಬರೂದಿಲ್ಲ? ಓದಿದ್ರ ಎಲ್ಲಾ ಬರತೈತಿ," ಎಂದುಬಿಟ್ಟೆ. ಸುನಂದಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ಓದ್ರಿ ವೈನಿ, ಓದ್ರಿ. ಮುಂದಿನ ರವಿವಾರ ಪಾಸಾಗಿ ಬರ್ರಿ. ನಾಪಾಸಾದ್ರ ನನಗ ನೌಕಾ, ನಿಮಗ ಒಲಿ." ಪ್ರಾಜಕ್ತಾ ಒಪ್ಪಿದಳು. ನಾನು ಒಂದು ವಾರದಲ್ಲಿ ಉಡಾಳನನ್ನು ತಯಾರಿಸಬೇಕು, ಅವನು ಮುಂದಿನ ರವಿವಾರ ನಾಕಾ ದಾಟಬೇಕು; ದಾಟದಿದ್ದರೆ ನಾನು ರಜೆ ಮುಗಿಯುವವರೆಗೂ ಆಕಾಶದಲ್ಲಿ ಅಡಿಗೆಯವಳು.

ಸೋಮವಾರ ಶಾಲೆಯಲ್ಲಿ ಖಾಲಿ ಪಿರಿಯಡ್ ಸಿಕ್ಕಿತು. ಬಿ.ಎಡ್.ನಲ್ಲಿ ಕಲಿಸಿದ ಕ್ರಮದಲ್ಲೇ ಹೊರಟೆ. ಉಡಾಳತನ: ಪೀಠಿಕೆ, ಅರ್ಥ, ಲಕ್ಷಣಗಳು, ವಿಧಗಳು, ಉಪಸಂಹಾರ. ಪೀಠಿಕೆ ಚೆನ್ನಾಗಿ ಬಂತು. ಉಪಸಂಹಾರವೂ ಬಂತು, 'ಹೀಗೆ ಉಡಾಳತನವು ಸಮಾಜಕ್ಕೆ ಮಾರಕವಾಗಿದೆ' ಎಂದು. ನಡುವೆ ಏನೂ ಬರಲಿಲ್ಲ. ಸಂಜೆ ಮಗಳ ಕೈಗೆ ನನ್ನ ಮೊದಲ ಉಡಾಳನನ್ನು ಕೊಟ್ಟೆ. ಹೆಸರು ಧನ್ಯಕುಮಾರ. ಎಂ.ಎಸ್ಸಿ. ಪ್ರಥಮ ದರ್ಜೆ. ನೌಕೆ ನಡೆಸುವ ಲೈಸನ್ಸ್ ಇದೆ, ವಿಮೆ ಇದೆ. ಎತ್ತರ ಮಧ್ಯಮ, ಬಣ್ಣ ಗೋಧಿ. ಕೆಟ್ಟ ಚಟಗಳಿಲ್ಲ. 'ಪೊಲೀಸರು ಯಾಕೆ ಹುಡುಕುತ್ತಿದ್ದಾರೆ?' ಎಂದು ಆಟದ ಹಾಳೆಯಲ್ಲಿದ್ದ ಪ್ರಶ್ನೆಯ ಮುಂದೆ, 'ಗ್ರಂಥಾಲಯದ ಪುಸ್ತಕವನ್ನು ಸಕಾಲಕ್ಕೆ ಹಿಂದಿರುಗಿಸಿಲ್ಲ (ತಾಯಿಗೆ ಹುಷಾರಿರಲಿಲ್ಲ)' ಎಂದು ಬರೆದಿದ್ದೆ.

ಪ್ರಾಜಕ್ತಾ ಓದಿ, ಹಾಳೆ ಮಡಚಿ ನನ್ನ ಕೈಗೇ ಕೊಟ್ಟಳು. "ಮಮ್ಮಿ, ಇದು ವರನ ಬಯೋಡಾಟಾ. ಇವಂಗ ನಾಳೆ ಹೆಣ್ಣ ಕೊಡ್ತಾರ."

"ಉಡಾಳ ಅಂದ್ರ ಏನು ಮತ್ತ? ಕಳ್ಳ ಅನ್ನು, ತಿಳೀತೈತಿ."

"ಕಳ್ಳ ಅಲ್ಲ. ಪೊಲೀಸರು ಬೆನ್ನ ಹತ್ತಿರ್ತಾರ, ಆದ್ರ ನೋಡಾವ್ರಿಗೆ ಅಂವ ಸಿಗಬಾರ್ದು ಅನಸತೈತಿ. ಸುಳ್ಳ ಹೇಳ್ತಾನ, ಆದ್ರ ಕೇಳಾವ್ರಿಗೆ ಸಿಟ್ಟ ಬರೂದಿಲ್ಲ. ನಿಯಮ ಮುರೀತಾನ, ಆದ್ರ ನಿಯಮಾನ ಚಂದ ಇಲ್ಲ ಅನಸಬೇಕು. ಮತ್ತ ಆ ಹೆಸರ ಮದಲ ತಗಿ. ಧನ್ಯಕುಮಾರ ಅನ್ನಾಂವ ಯಾವತ್ತರ ಯಾರದರ ಮಾತ ಮೀರ್ಯಾನೇನು?"

ಹೆಸರಿನ ಸಮಸ್ಯೆ ಬೇಗ ಬಗೆಹರಿಯಿತು. ನಮ್ಮ ಕಡೆ ಹುಡುಗನ ಹೆಸರು ತುದಿಯಲ್ಲಿ ತುಂಡಾಯಿತೆಂದರೆ ಅವನ ನಡತೆಯೂ ಅಲ್ಲಿಗೇ ತುಂಡಾದಂತೆ. ಬಾಳಾಸಾಹೇಬ ಹೊಲ ನೋಡಿಕೊಳ್ಳುತ್ತಾನೆ, ಬಾಳ್ಯಾ ಕಟ್ಟೆಯ ಮೇಲೆ ಕೂರುತ್ತಾನೆ. ಇಬ್ಬರೂ ಒಬ್ಬನೇ ಆಗಿರಬಹುದು. ಧನ್ಯಕುಮಾರನ ಬಾಲ ಕತ್ತರಿಸಿ ಧನ್ಯಾ ಮಾಡಿದೆ. ಬರೆದು ನೋಡಿದರೆ ಅವನು ಆಗಲೇ ಕಾಲರ್ ಎತ್ತಿಕೊಂಡ ಹಾಗೆ ಕಂಡ. ನನಗೆ ಸ್ವಲ್ಪ ಧೈರ್ಯ ಬಂತು.

ಆದರೆ ಅಷ್ಟರಲ್ಲಿ ಅತ್ತೆಯವರು ಅವನನ್ನು ಹಚ್ಚಿಕೊಂಡುಬಿಟ್ಟಿದ್ದರು. ಮಂಗಳವಾರ ಬಸದಿಯಿಂದ ಬಂದವರೇ ಕೇಳಿದರು: "ನಿನ್ನ ಆ ಹುಡುಗ ಯಾರ ಪೈಕಿ?"

"ಅಂವಗ ಯಾರೂ ಇಲ್ರಿ ಅತ್ತಿ. ಒಬ್ಬನ. ಹಂಗ ಇರಬೇಕಂತ."

"ಯಾರೂ ಇಲ್ಲಂದ್ರ ಹೆಂಗ? ತಾಯಿ ತಂದಿ ಇಲ್ಲಂತ ಹಿಡಿ. ಯಾರರ ಸಾಕಿರಬೇಕಲ್ಲ? ಕೂಸು ತಾನ ಬೆಳೀತೇನು, ಅದೇನ ಕಸಾನ?"

ಉಡಾಳನಿಗೆ ಅಥಣಿಯಲ್ಲಿ ಒಬ್ಬ ಚಿಕ್ಕಮ್ಮನನ್ನು ಕೊಟ್ಟೆವು. ಚಿಕ್ಕಮ್ಮ ಬಂದ ಮೇಲೆ ಚಿಕ್ಕಪ್ಪ ಬೇಕಲ್ಲ. ಚಿಕ್ಕಪ್ಪನಿಗೆ ರಾಯಬಾಗದಲ್ಲಿ ಅಕ್ಕನ ಮನೆ. ಬುಧವಾರದ ಹೊತ್ತಿಗೆ ಧನ್ಯಾನ ಕಡೆಯಿಂದ ಒಂದು ಮದುವೆ ಮಾಡಿದರೆ ಸಣ್ಣ ಮಂಗಲ ಕಾರ್ಯಾಲಯ ತುಂಬುವಷ್ಟು ಬೀಗರಿದ್ದರು. ಬಂಧುಬಳಗ ಹೆಚ್ಚಾದಂತೆ ಅವನ ಉಡಾಳತನ ಇಳಿಯುತ್ತ ಬಂತು. ಅವನು ಏನಾದರೂ ಮಾಡಬೇಕೆಂದರೆ ಅತ್ತೆಯವರು, "ಹಂಗ ಮಾಡಿದ್ರ ಅಥಣ್ಯಾಗ ಆ ಚಿಕ್ಕಮ್ಮ ಹೆಂಗ ಮಾರಿ ತೋರಸ್ಬೇಕು?" ಎನ್ನುತ್ತಿದ್ದರು. ನನಗೂ ಹೌದೆನಿಸುತ್ತಿತ್ತು.

ಬಂದೂಕಿನ ಪ್ರಶ್ನೆ ಬಂತು. ಆಟದ ಉಡಾಳರೆಲ್ಲ ಸೊಂಟಕ್ಕೆ ಬೆಂಕಿ ಉಗುಳುವ ಒಂದು ಯಂತ್ರ ಕಟ್ಟಿಕೊಂಡಿರುತ್ತಾರಂತೆ. ಅತ್ತೆಯವರು ಜಪಮಣಿ ನಿಲ್ಲಿಸಿದರು. "ಇರಿವಿ ತುಳೀಬಾರ್ದಂತ ನೋಡಿ ನಡಿಯೂ ಮನ್ಯಾಗ ಹುಟ್ಟಿದಾಂವ ಬಂದೂಕ ಹಿಡೀತಾನ? ನಾ ಇರೂತನಕ ಆಗೂದಿಲ್ಲ." ಬಂದೂಕು ಹೋಯಿತು. ನಂತರ ಊಟ. ನಮ್ಮಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ; ಅತ್ತೆಯವರು ಈ ನೇಮವನ್ನು ಜ್ವರ ಬಂದಾಗಲೂ ಬಿಟ್ಟವರಲ್ಲ. "ಪ್ರಾಜಕ್ತಾ, ಅಲ್ಲೆ ಮ್ಯಾಲ ಹೊತ್ತ ಎಷ್ಟಕ್ಕ ಮುಳಗತೈತಿ?" ಎಂದರು. ಮಗಳು ವಿಜ್ಞಾನ ಓದಿದವಳು, ನಿಜ ಹೇಳಿದಳು: "ಆಯಿ, ಭೂಮಿ ಸುತ್ತ ತಿರಗಾಕತ್ರ ಒಂದೂವರಿ ತಾಸಿಗೊಮ್ಮೆ ಮುಳಗತೈತಿ, ಮತ್ತ ಏಳತೈತಿ." ಅತ್ತೆಯವರ ಮುಖ ಬಾಡಿತು. "ಅಯ್ಯ ದೇವರ! ಹಂಗಾರ ಆ ಕೂಸು ಉಣ್ಣೂದ ಯಾವಾಗ?" ಒಂದು ಇಡೀ ಸಂಜೆ ನಮ್ಮ ಮನೆಯಲ್ಲಿ ಇದರ ಚರ್ಚೆ ನಡೆಯಿತು. ಎಂದೂ ಬಾಯಿ ತೆರೆಯದ ನಮ್ಮ ಮನೆಯವರೂ, "ಉಗಾರದ ಗಡಿಯಾರ ಇಟಗೊಂಡ ಹೋಗಲಿ," ಎಂದು ತೀರ್ಪು ಕೊಟ್ಟರು. ನೌಕೆಯ ಒಳಗೆ ಒಂದು ಗೋಡೆ ಗಡಿಯಾರ ತೂಗುಹಾಕಿದೆವು. ನಕ್ಷತ್ರಗಳ ನಡುವೆ ಹಾರುವ ನಮ್ಮ ಕುಖ್ಯಾತ ಉಡಾಳ ಉಗಾರದ ಹೊತ್ತು ಮುಳುಗುವ ಮೊದಲು ಉಂಡು, ಬಾಯಿ ಮುಕ್ಕಳಿಸಿ, ಆಮೇಲೆ ದರೋಡೆಗೆ ಹೊರಡುವಂತಾಯಿತು.

ಇದೆಲ್ಲ ಅತ್ತೆಯವರ ತಪ್ಪು ಎಂದು ಹೇಳಿ ನಾನು ತಪ್ಪಿಸಿಕೊಳ್ಳಬಹುದು. ಆದರೆ ನನ್ನ ಕೈಯಲ್ಲೇ ದೋಷವಿತ್ತು. ಸುಳ್ಳು ಹೇಳುವುದನ್ನು ಅಭ್ಯಾಸ ಮಾಡಿದರೆ ಸರಿಹೋದೀತು ಎಂದು ಗುರುವಾರದ ಸಂತೆಯಲ್ಲಿ ಬದನೆಕಾಯಿ ಮಾರುವ ಮುದುಕಿಗೆ, "ಆ ಕಡೆ ಇದಕ್ಕಿಂತ ಸೋವಿ ಕೊಡಾಕತ್ತಾರ," ಎಂದೆ. ಅವಳು ತಲೆಯೆತ್ತಿ, "ಎಲ್ಲೆ ಅಕ್ಕೋರ? ತೋರಸ್ರಿ, ನಾನೂ ಅಲ್ಲೇ ತಗೋತೀನಿ," ಎಂದಳು. ಬೇಡದಿದ್ದರೂ ಇನ್ನೂ ಅಷ್ಟು ಬದನೆಕಾಯಿ ತೂಗಿಸಿ, ಅವಳ ಕಾಲಿಗೆ ಬೀಳುವುದೊಂದು ಬಾಕಿ, ಮನೆಗೆ ಬಂದೆ. ಮೂರು ಹೊತ್ತೂ ಎಣ್ಣೆಗಾಯಿ ಮಾಡಬೇಕಾಯಿತು. "ಅಡಿಗಿ ಪಾತ್ರ ಚಂದ ಮಾಡಾಕತ್ತಿ ಮಮ್ಮಿ," ಎಂದಳು ಪ್ರಾಜಕ್ತಾ.

ರವಿವಾರ ಬಂತು. ನನ್ನ ಉಡಾಳ ಹೀಗಿದ್ದ: ಧನ್ಯಾ, ಬಂದೂಕಿಲ್ಲ, ಚಟವಿಲ್ಲ, ಬೀಗರು ಬಹಳ, ಹೊತ್ತಿಗೆ ಸರಿಯಾಗಿ ಊಟ. ಪ್ರಾಜಕ್ತಾ ನೋಡಿ ನಿಟ್ಟುಸಿರು ಬಿಟ್ಟು, "ಇರಲಿ, ನಾಕಾದಾಗ ನೋಡೂಣು," ಎಂದಳು. ಮಾಲು ಬೆಲ್ಲವೇ ಎಂದು ಅತ್ತೆಯವರು ಮೊದಲೇ ನಿಗದಿ ಮಾಡಿದ್ದರು. ಹೀಗಾಗಿ ಮಗಳು ಕಥೆಯಲ್ಲಿ ಸಿಹಿ ತಿನ್ನುವುದನ್ನೇ ನಿಷೇಧಿಸಿದ ಒಂದು ಸಾಮ್ರಾಜ್ಯವನ್ನು ಕಟ್ಟಬೇಕಾಯಿತು. ಅಲ್ಲಿನ ಜನ ಸಪ್ಪೆ ಚಹಾ ಕುಡಿದು ಕಂಗಾಲಾಗಿದ್ದಾರೆ. ನಮ್ಮ ನೌಕೆಯ ಹೊಟ್ಟೆ ತುಂಬ ಬೆಲ್ಲದ ಪೆಂಟೆ. ಎದುರಿಗೆ ಉಕ್ಕಿನ ನಾಕಾ. ನಾಕಾದ ಅಧಿಕಾರಿ, ಅಂದರೆ ದನಿ ದಪ್ಪ ಮಾಡಿಕೊಂಡ ನನ್ನ ಮಗಳು, ಬಾಗಿಲು ಬಡಿದು ಕೇಳಿದ: "ಏ ಪೈಲಟ್! ಒಳಗ ಏನ ತುಂಬೀದಿ?"

"ವೈನಿ, ಸುಳ್ಳ ಹೇಳ್ರಿ!" ಸುನಂದಾ ಪಿಸುಗುಟ್ಟಿದಳು. ಅವಳು ಈ ವಾರದ ಮಟ್ಟಿಗೆ ನೌಕೆಯ ಡಾಕ್ಟರ್ ಆಗಿದ್ದಳು, ಕಣ್ಣು ಮಾತ್ರ ಪೈಲಟ್ಟಿನ ಕುರ್ಚಿಯ ಮೇಲಿತ್ತು.

"ಏನಿಲ್ರಿ... ಪಠ್ಯಪುಸ್ತಕ," ಎಂದೆ.

"ದಾಳ ಹಾಕು," ಎಂದಳು ಮಗಳು. ಹಾಕಿದೆ. ಎರಡು ಬಿತ್ತು. "ಪಠ್ಯಪುಸ್ತಕಕ್ಕ ಇರಿವಿ ಯಾಕ ಹತ್ಯಾವು?" ಎಂದು ಅಧಿಕಾರಿ ಗುಡುಗಿದ. ಸುನಂದಾ ಆಗಲೇ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. "ಕಡೀ ಅವಕಾಶ ಮಮ್ಮಿ," ಎಂದು ಪ್ರಾಜಕ್ತಾ ತನ್ನ ದನಿಯಲ್ಲಿ ಹೇಳಿ, ಮತ್ತೆ ಅಧಿಕಾರಿಯ ದನಿಯಲ್ಲಿ, "ಇಳಿ ಕೆಳಗ! ನೌಕಾ ಜಪ್ತ ಮಾಡ್ತೀನಿ!" ಎಂದಳು.

ಸುಳ್ಳು ಖಾಲಿಯಾಗಿತ್ತು. ಉಪಾಯ ಮೊದಲೇ ಇರಲಿಲ್ಲ. ಒಲೆ ಕಣ್ಣ ಮುಂದೆ ಬಂತು. ಏನೂ ತೋಚದೆ, ಯಾರಾದರೂ ದನಿ ಎತ್ತಿದರೆ ನಾನು ದಿನಾಲೂ ಏನು ಮಾಡುತ್ತೇನೋ ಅದನ್ನೇ ಮಾಡಿದೆ. ಕನ್ನಡಕ ಸ್ವಲ್ಪ ಕೆಳಗೆ ಸರಿಸಿ ಅವನನ್ನು ಮೇಲಿಂದ ಕೆಳಗೆ ನೋಡಿದೆ.

"ನಿನ್ನ ಹೆಸರೇನಪಾ?"

ಅಧಿಕಾರಿ ತಡವರಿಸಿದ. ಅವನಿಗೆ ಹೆಸರೇ ಇಟ್ಟಿರಲಿಲ್ಲ. "ನಾನು... ವಿಜ್ಯಾ... ವಿಜಯ್."

"ಯಾವ ಊರು?"

"ಮಂಗಳ ಗ್ರಹ."

"ಮಂಗಳದಾಗ ಎಲ್ಲಿ? ದೊಡ್ಡ ಊರ ಅದು."

"ಅದು... ಬುದ್ರುಕ. ಮಂಗಳ ಬುದ್ರುಕ."

ತೂಗುಮಂಚ ಗಕ್ಕನೆ ನಿಂತಿತು. "ಮಂಗಳ ಬುದ್ರುಕ?" ಎಂದರು ಅತ್ತೆಯವರು. "ನಮ್ಮ ಧನ್ಯಾನ ಚಿಕ್ಕಮ್ಮನ ನಾದಿನೀನ ಅಲ್ಲೇ ಕೊಟ್ಟೈತಿ! ಕೇಳ ಪದ್ಮಾ, ಹಣಮಂತ ದೇವರ ಗುಡಿ ಹಿಂದಿನ ಮನಿ ಏನು ಇವಂದು?"

"ಕೇಳಾಕತ್ತಾರಲ್ಲಪಾ ಹಿರ್ಯಾರು, ಹೇಳು," ಎಂದೆ. ಅಧಿಕಾರಿ ಎದ್ದು ನಿಂತಿದ್ದ. "ಹೌ... ಹೌದ್ರಿ. ಗುಡಿ ಹಿಂದ್ರಿ."

"ಮತ್ತ ನಮ್ಮಾಂವನ ಆದಿ! ಮುಂದ ಬಾ. ಆ ಅಂಗಿ ಗುಂಡಿ ಹಾಕ್ಕೋ. ಡ್ಯೂಟಿ ಮ್ಯಾಲ ಅದೀ, ಹಿಂಗ ನಿಂತ್ರ ಮಂದಿ ಏನಂತಾರ? ಮುಂಜಾನಿಂದ ಏನರ ತಿಂದಿಯೋ ಇಲ್ಲೋ? ನಿನ್ನ ಸಾಹೇಬರ ಯಾರು? ಅವರನ್ನ ನಾ ಗುರ್ತ ಹಿಡೀತೀನಿ, ನಿನ್ನ ಬಗ್ಗೆ ಎರಡ ಚಲೋ ಮಾತ ಹೇಳ್ತೀನಿ. ನನ್ನ ನೌಕಾ ನೋಡೂದಿದ್ರ ನೋಡಪಾ, ನನಗೇನ ಅವಸರ ಇಲ್ಲ. ಆದ್ರ ಹಿಂದ ನೋಡು, ಎಷ್ಟ ನೌಕಾ ಸಾಲ ಹಚ್ಯಾವು. ಅವರೆಲ್ಲಾ ನಿನ್ನ ಹೆಸರಲೆ ಬೈಯೂದು ಚಂದ ಏನು?"

"ಇಲ್ರಿ ಅಕ್ಕೋರ," ಎಂದ ಮಂಗಳ ಗ್ರಹದ ಅಧಿಕಾರಿ. ಧನ್ಯಾ ಗಂಡಸು ಎಂಬುದನ್ನು ಅವನೂ ಮರೆತಿದ್ದ, ನಾನೂ ಮರೆತಿದ್ದೆ. "ಹೋಗ್ರಿ. ಸಾವಕಾಶ ಹೋಗ್ರಿ. ಮುಂದ ಇನ್ನೊಂದ ನಾಕಾ ಐತಿ, ಅಲ್ಲೆ ನನ್ನ ಹೆಸರ ಹೇಳ್ರಿ."

ಮೇಲೆತ್ತಿದ ಅಡ್ಡಗಂಬದ ಕೆಳಗೆ ನಮ್ಮ ಬೆಲ್ಲ ದಾಟಿಹೋಯಿತು. ಪ್ರಾಜಕ್ತಾ ಕೈಯಲ್ಲಿ ಹಿಡಿದ ದಾಳವನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದಳು. "ಮಮ್ಮಿ, ದಾಳ ಹಾಕೂದ ಮರತ ಹೋತು. ಇದನ್ನ ಎಲ್ಲಿ ಕಲತಿ?"

"ಕಲಿಯೂದೇನು? ಈ ಸಲ ನಾ ಒಂದರ ಸುಳ್ಳ ಹೇಳಿನೇನು? ಮನಷ್ಯಾ ಮನಷ್ಯಾನ ಮಾತಾಡಸೂ ರೀತಿ ಅದು," ಎಂದೆ. ನಿಜಕ್ಕೂ ಹಾಗೇ ಅಂದುಕೊಂಡಿದ್ದೆ.

ಆಗ ಸುನಂದಾ ನಗಲು ಶುರು ಮಾಡಿದಳು. ಅವಳ ನಗೆ ನಿಲ್ಲುವ ಹಾಗಿರಲಿಲ್ಲ. "ಪ್ರಾಜಕ್ತಾ, ನಿಮ್ಮವ್ವ ಎಲ್ಲಾ ಕಡೆ ಹಿಂಗ ಮಾಡ್ತಾಳಲ್ಲ! ಮಿರಜಿನ ದವಾಖಾನಿಗೆ ಹೋದಾಗ ನೋಡಿಲ್ಲೇನು? ಪಾಳಿ ಹಚ್ಚಾಕ ನಿಂತ ಹುಡಗನ್ನ, ಯಾವೂರಪಾ, ಯಾರ ಪೈಕಿ ಅಂತಾಳ. ಎರಡನೇ ಮಾತಿಗೆ ನಾವು ಒಳಗ. ಗ್ಯಾಸ್ ಸಿಲಿಂಡರ್ ಎಲ್ಲಾರಿಗಿಂತ ಮದಲ ನಿಮ್ಮ ಮನಿಗೇ ಬರತೈತಿ. ಲಗ್ನದಾಗ ಮದಲನೇ ಪಂಕ್ತಿಗೇ ಎಲಿ ಹಾಕ್ತಾರ. ಬಸ್ಸಿನ್ಯಾಗ ಕಂಡಕ್ಟರ್ ತನ್ನ ಸೀಟ ಬಿಟ್ಟ ಕೊಡ್ತಾನ. ನಾ ಒಂದ ಸೀರಿ ಬದಲ ಮಾಡಿದ್ದನ್ನ ಈ ಮನ್ಯಾಗ ಇನ್ನೂ ಆಡಕೋತಾರ!"

"ಅದಕ್ಕ ಓಳಖಿ ಅಂತಾರ, ಗುರ್ತು-ಪರಿಚಯ," ಎಂದೆ ಗಂಭೀರವಾಗಿ. ನಮ್ಮ ಮನೆಯವರೂ ನಕ್ಕರು. ಇಂಜಿನ್ ನೋಡುವವನು ಮಾತಾಡದಿದ್ದರೂ ನಗಬಹುದು ಎಂಬುದು ಆಗ ತಿಳಿಯಿತು.

ಆ ರವಿವಾರದ ನಂತರ ನಾನು ಇದನ್ನು ಬಹಳ ಯೋಚಿಸಿದ್ದೇನೆ. ಪಾಳಿ ಮುರಿದು ಒಳಗೆ ನುಗ್ಗುವವನನ್ನು ನಾವು ಉಡಾಳ ಎನ್ನುತ್ತೇವೆ. ಪಾಳಿಯೇ ಎದ್ದು ದಾರಿ ಬಿಡುವಂತೆ ಮಾಡುವವರಿಗೆ ಏನೆನ್ನಬೇಕು? ನಮ್ಮಲ್ಲಿ ಅವರಿಗೆ ಗಣ್ಯರು ಎನ್ನುತ್ತಾರೆ, ಸಭೆಯಲ್ಲಿ ಶಾಲು ಹೊದಿಸುತ್ತಾರೆ. ಹರಿದ ಅಂಗಿಯ ಬಾಳ್ಯಾ ನಾಕಾದಲ್ಲಿ ಸುಳ್ಳು ಹೇಳಿ ಸಿಕ್ಕಿಬೀಳುತ್ತಾನೆ, ಯಾಕೆಂದರೆ ಅವನಿಗೆ ಬರುವುದು ಸುಳ್ಳು ಒಂದೇ. ಇಸ್ತ್ರಿ ಮಾಡಿದ ಕಾಟನ್ ಸೀರೆ, ಕನ್ನಡಕ, ಕೈಯಲ್ಲಿ ಉತ್ತರಪತ್ರಿಕೆಯ ಕಟ್ಟು ಇದ್ದವಳಿಗೆ ಸುಳ್ಳಿನ ಅಗತ್ಯವೇ ಬೀಳುವುದಿಲ್ಲ. ಕಲಿತ ಮೇಲೆ ನಾವು ಕೆಟ್ಟ ಕೆಲಸ ಬಿಡುತ್ತೇವೆ ಎಂದು ನಾನು ತಿಳಿದಿದ್ದೆ. ಕಲಿತ ಮೇಲೆ ಅದಕ್ಕೆ ಒಳ್ಳೆಯ ಹೆಸರು ಇಡುತ್ತೇವೆ, ಅಷ್ಟೇ. ಬಸ್ಸಿನ ಕಿಟಕಿಗೆ ಜೋತುಬಿದ್ದ ಆ ಊರಿನ ಕಣ್ಣುಗಳು ನನ್ನನ್ನು ಅಷ್ಟು ಕಾವಲು ಕಾದರೂ, ಕೊನೆಗೆ ಅವುಗಳ ಬೆಳಕಿನಲ್ಲೇ ನಾನು ರಾಜಾರೋಷವಾಗಿ ಬೆಲ್ಲ ಸಾಗಿಸುವುದನ್ನು ಕಲಿತುಬಿಟ್ಟೆ.

ಪೈಲಟ್ ಕುರ್ಚಿ ನನ್ನದಾಯಿತು. ಪ್ರಾಜಕ್ತಾ ಧನ್ಯಾನ ಹಾಳೆಯಲ್ಲಿ ಉಡಾಳತನದ ಮುಂದೆ ಪೂರ್ತಿ ಅಂಕ ಬರೆದಳು. ನನಗೆ ಸಿಟ್ಟೂ ಬಂತು, ಒಳಗೊಳಗೇ ಖುಷಿಯೂ ಆಯಿತು. ಬಿ.ಎ.ಯಲ್ಲೂ ಯಾವ ವಿಷಯದಲ್ಲೂ ನನಗೆ ಪೂರ್ತಿ ಅಂಕ ಬಂದಿರಲಿಲ್ಲ. ಒಲೆಯ ಪಾತ್ರವನ್ನು ಯಾರೂ ತೆಗೆದುಕೊಳ್ಳಲಿಲ್ಲ. ನೌಕೆಯಲ್ಲಿ ಈಗ ಎಲ್ಲರೂ ಬೆಲ್ಲ ತಿಂದುಕೊಂಡಿದ್ದಾರೆ.

ಆದರೆ ಈ ಗೆಲುವಿನಿಂದ ನನಗೆ ಒಂದು ನಷ್ಟವಾಗಿದೆ. ಮರುದಿನ ಮುಂಜಾನೆ, ಶೇಡಬಾಳದ ಆಚೆ ಇರುವ ನನ್ನ ಶಾಲೆಗೆ ಹೊರಡುವುದು ತಡವಾಗಿತ್ತು. ಕನ್ನಡಿಯ ಮುಂದೆ ನಿರಿಗೆಗೆ ಪಿನ್ನು ಚುಚ್ಚುತ್ತಿದ್ದೆ. ಹೆಡ್‌ಮಾಸ್ತರರ ಫೋನು ಬಂತು. ಈ ದಿನಗಳಲ್ಲಿ ನಮ್ಮ ರಸ್ತೆಗಳ ಮೇಲೆ ಕಬ್ಬಿನದೇ ರಾಜ್ಯ. ತಡವಾದವರಿಗೆಲ್ಲ ಒಂದೇ ಕಾರಣ, ಅದನ್ನು ಯಾರೂ ಪ್ರಶ್ನಿಸುವುದಿಲ್ಲ. "ಶೇಡಬಾಳ ದಾಟಿದ್ನಿ ನೋಡ್ರಿ ಸರ. ಕಬ್ಬಿನ ಟ್ರ್ಯಾಕ್ಟರ್ ರಸ್ತೇಕ ಅಡ್ಡ ಬಿದ್ದಿತ್ರಿ, ಈಗ ದಾರಿ ಬಿಟ್ರು. ಬಂದ ಬಿಟ್ಟೆ," ಎಂದೆ. ಬೆನ್ನ ಹಿಂದೆ ನೆಲದ ಮೇಲೆ ಏನೋ ಉರುಳಿದ ಸದ್ದಾಯಿತು. ತಿರುಗಿ ನೋಡಿದರೆ ಹಾಸಿಗೆಯಲ್ಲಿ ಬೋರಲು ಮಲಗಿದ್ದ ಪ್ರಾಜಕ್ತಾ ಕೈ ಚಾಚಿ ದಾಳ ಹಾಕಿದ್ದಳು. "ಹತ್ತೊಂಬತ್ತು," ಎಂದಳು. ಫೋನಿನಲ್ಲಿ ಹೆಡ್‌ಮಾಸ್ತರರು, "ಸಾವಕಾಶ ಬರ್ರಿ ಅಕ್ಕೋರ. ಗಾಡಿ ಜೋರ ಹೊಡೀಬ್ಯಾಡ್ರಿ," ಎಂದರು.

ಸ್ಕೂಟಿ ಹೊಡೆದುಕೊಂಡು ಹೊರಟೆ. ಶೇಡಬಾಳಕ್ಕೆ ಬಂದರೆ ಕಬ್ಬಿನ ಎರಡು ಟ್ರೇಲರ್ ಕೊಂಡಿ ಮುರಿದುಕೊಂಡು, ರಸ್ತೆಯ ಈ ತುದಿಯಿಂದ ಆ ತುದಿಗೆ ಅಡ್ಡ ಮಲಗಿದ್ದವು. ಬಸ್ಸು, ಲಾರಿ, ಎತ್ತಿನ ಗಾಡಿ ಎಲ್ಲವೂ ನಿಂತಿದ್ದವು. ಡ್ರೈವರ್ ಕೊಂಡಿ ತರಲು ಹೋಗಿದ್ದನಂತೆ, ಯಾವಾಗ ಬರುತ್ತಾನೋ ಯಾರಿಗೂ ಗೊತ್ತಿರಲಿಲ್ಲ. ಬಿಸಿಲೇರಿತು. ಫೋನು ಮತ್ತೆ ಬಡಿದುಕೊಂಡಿತು, ಹೆಡ್‌ಮಾಸ್ತರರದೇ: "ಅಕ್ಕೋರ, ಎಲ್ಲೀತನಕ ಬಂದ್ರಿ?" ನಾನು ಫೋನು ಕಿವಿಗೆ ಹಿಡಿದು ಕಬ್ಬಿನ ಆ ಗುಡ್ಡವನ್ನು ನೋಡುತ್ತ ನಿಂತೆ. ಹೇಳಲು ಬಾಯಲ್ಲಿ ಅಪ್ಪಟ ನಿಜವಿತ್ತು. ಏನು ಮಾಡಲಿ, ಅದನ್ನು ಮುಂಜಾನೆ ಕನ್ನಡಿಯ ಮುಂದೆಯೇ ಖರ್ಚು ಮಾಡಿಬಿಟ್ಟಿದ್ದೆ.